ನಲವತ್ತೊಂದರಲ್ಲಿ ಯಾವುದು ಮೊದಲು?

ಸಂಬಂಧಪಟ್ಟವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಈ ಪ್ರಕರಣವನ್ನು ಬರೆಯುತ್ತಿದ್ದೇನೆ.

ನನ್ನ ಬಳಿ ಆಪ್ತಸಲಹೆಗೆ ಬಂದಿದ್ದ, ಮೂವತ್ತರ ಆಸುಪಾಸಿನ ಆ ಮಹಿಳೆ ಅಣ್ಣನನ್ನು ಕಳೆದುಕೊಂಡು ಹತ್ತು ತಿಂಗಳಾಗಿತ್ತು. ಊಟ, ನಿದ್ರೆ, ಕೆಲಸ ಒಂದು ಹದಕ್ಕೆ ಬಂದಿದ್ದರೂ, ಅಣ್ಣ ಕಾಲೇಜಿನ ದಿನಗಳಿಂದ ಕೂಡಿಟ್ಟಿದ್ದ ಇಂಗ್ಲಿಷ್ ಲೇಖಕ ಟೆರ್ರಿ ಪ್ರ್ಯಾಚೆಟ್ ಅವರ, ನಲವತ್ತೊಂದು ಪುಸ್ತಕಗಳ ಹಾಸ್ಯ ಸರಣಿಯಾದ ಡಿಸ್ಕ್‌ವರ್ಲ್ಡ್ ಕಾದಂಬರಿಗಳ ಕಪಾಟಿನ ಮುಂದೆ ನಿಂತಾಗಲೆಲ್ಲ ಅವರಿಗೆ ಕೈಕಾಲು ಆಡುತ್ತಿರಲಿಲ್ಲ. ರಾತ್ರಿ ಹೊತ್ತು ಅಣ್ಣ ಒಬ್ಬನೇ ಓದುತ್ತಾ ನಗುತ್ತಿದ್ದುದು ಗೋಡೆಯಾಚೆಗೂ ಕೇಳಿಸುತ್ತಿತ್ತಂತೆ. ಏಕೆ ನಗುತ್ತೀಯೆಂದು ಒಮ್ಮೆಯೂ ಕೇಳಲಿಲ್ಲವೆಂಬ ಕೊರಗು ಅವರನ್ನು ಬಿಟ್ಟಿರಲಿಲ್ಲ. 1983ರ ಮೊದಲ ಪುಸ್ತಕ 'ದ ಕಲರ್ ಆಫ್ ಮ್ಯಾಜಿಕ್' ಅನ್ನು ಮೂರು ಸಲ ಹಿಡಿದು, ಮೂರು ಸಲವೂ ನಲವತ್ತನೆಯ ಪುಟದ ಹತ್ತಿರ ಬಿಟ್ಟಿದ್ದರು. ಓದುವ ಕ್ರಮದ ನಕ್ಷೆಯೊಂದನ್ನು ಬಣ್ಣದ ಪೆನ್ನಿನಿಂದ ಬರೆದು ತಂದಿದ್ದರು. "ತಪ್ಪು ಪುಸ್ತಕದಿಂದ ಶುರು ಮಾಡಿದರೆ ಅವನಿಗೆ ಕಂಡದ್ದು ನನಗೆ ಕಾಣದೇ ಹೋಗುತ್ತೆ, ಮೇಡಂ" ಎಂದರು.

ಅವರ ಭಯ ಪುಸ್ತಕದ್ದಲ್ಲ, ಅಣ್ಣನ ಎದುರು ಮತ್ತೊಮ್ಮೆ ತಪ್ಪುವುದರದ್ದು ಎಂದು ನನಗೆ ತೋರಿತು. ಆದರೂ ಪುಸ್ತಕದ ಪ್ರಶ್ನೆಯನ್ನು ಬದಿಗೆ ಸರಿಸಲು ಮನಸ್ಸಾಗಲಿಲ್ಲ, ಏಕೆಂದರೆ ನಾನೂ ಆ ಸರಣಿಯನ್ನು ಪ್ರೀತಿಯಿಂದ ಓದಿದವಳು. ಆಮೆಯ ಬೆನ್ನ ಮೇಲೆ ನಾಲ್ಕು ಆನೆ, ಆನೆಗಳ ಮೇಲೆ ಚಪ್ಪಟೆ ಜಗತ್ತು ಎಂಬ ಕಲ್ಪನೆ, ಕೂರ್ಮ ಮತ್ತು ದಿಗ್ಗಜಗಳ ಕಥೆ ಕೇಳಿ ಬೆಳೆದ ನಮಗೆ ಹೊಸದೇನಲ್ಲ. ಮೊದಲ ಪುಸ್ತಕ ಆ ಕಾಲದ ಫ್ಯಾಂಟಸಿ ಸಾಹಿತ್ಯವನ್ನು ಅಣಕಿಸುವುದರಿಂದ, ಅದನ್ನೆಲ್ಲ ಓದಿರದವರಿಗೆ ಅರ್ಧದಷ್ಟು ಹಾಸ್ಯ ತಲುಪುವುದಿಲ್ಲ. ಹಾಗಾಗಿ ನಲವತ್ತನೆಯ ಪುಟದಲ್ಲಿ ನಿಂತದ್ದು ನಿಮ್ಮ ಸೋಲಲ್ಲ ಎಂದೆ. 1986ರ ಎರಡನೆಯದು ಅದರ ನೇರ ಮುಂದುವರಿಕೆ. ಆನಂತರದ ಬಹುತೇಕ ಕಾದಂಬರಿಗಳು ತಮ್ಮಷ್ಟಕ್ಕೆ ಪೂರ್ಣವಾದವು. ಮಾಟಗಾತಿಯರು, ನಗರದ ಕಾವಲು ಪಡೆ, ಸಾವು ಎಂಬ ಪಾತ್ರ, ಹೀಗೆ ಬೇರೆ ಬೇರೆ ಎಳೆಗಳಲ್ಲಿ ಸಾಗುತ್ತವೆ.

1989ರ 'ಗಾರ್ಡ್ಸ್! ಗಾರ್ಡ್ಸ್!' ನಾನು ಸೂಚಿಸಿದ ಪುಸ್ತಕ. ಕುಡಿತಕ್ಕೆ ಬಿದ್ದ ಕಾವಲು ನಾಯಕ ವೈಮ್ಸ್ ಅಲ್ಲಿ ಮೊದಲ ಸಲ ಕಾಣಿಸಿಕೊಳ್ಳುತ್ತಾನೆ. ಹೆಚ್ಚು ಹೊಗಳಿಕೆ ಕೇಳಿಬರುತ್ತದೆಂದು 2002ರ 'ನೈಟ್ ವಾಚ್'ನಿಂದ ಆರಂಭಿಸಬಾರದೆಂದೂ ಹೇಳಿದೆ. ವೈಮ್ಸ್ ನಡೆದುಬಂದ ದಾರಿ ಗೊತ್ತಿಲ್ಲದಿದ್ದರೆ ಆ ಕಾದಂಬರಿಯ ಭಾರ ಓದುಗರ ಎದೆಗೆ ತಾಕುವುದಿಲ್ಲ. 2015ರಲ್ಲಿ ಲೇಖಕರ ನಿಧನದ ನಂತರ ಹೊರಬಂದ ಕೊನೆಯದನ್ನು ಕೊನೆಗೇ ಇಡಿ ಎಂದೆ.

1987ರ 'ಮಾರ್ಟ್' ಬಗ್ಗೆ ಮಾತ್ರ ಹಿಂಜರಿದೆ. ಅದರಲ್ಲಿ ಸಾವು ಒಬ್ಬ ಹುಡುಗನನ್ನು ಕೆಲಸ ಕಲಿಯಲು ಇಟ್ಟುಕೊಳ್ಳುತ್ತದೆ. ಮೊದಲ ಪುಸ್ತಕದಲ್ಲಿ ಕೆಡುಕೆನಿಸಿದ ಪಾತ್ರವೇ ಇಲ್ಲಿ ಮನುಷ್ಯರ ಬಗ್ಗೆ ಕುತೂಹಲ ತಾಳುತ್ತದೆ. ನನ್ನ ಹಿಂಜರಿಕೆಯನ್ನು ಮುಚ್ಚಿಡದೆ ಅವರ ಮುಂದಿಟ್ಟು, ಆಯ್ಕೆ ನಿಮ್ಮದು, ದಿನಕ್ಕೆ ಹತ್ತು ಪುಟ ಸಾಕು, ಭಾರವೆನಿಸಿದ ಕೂಡಲೇ ಮುಚ್ಚಿಡಿ, ನಕ್ಷೆಯನ್ನು ಮಾತ್ರ ಇಲ್ಲೇ ಬಿಟ್ಟುಹೋಗಿ ಎಂದೆ.

ಮೂರು ವಾರದ ಬಳಿಕ ಬಂದಾಗ ಕೈಯಲ್ಲಿ 'ಮಾರ್ಟ್' ಇತ್ತು. ಅರ್ಧದಷ್ಟು ಓದಿದ್ದರು. ಅಡಿಟಿಪ್ಪಣಿಯೊಂದರ ಪಕ್ಕ ಅಣ್ಣ ಪೆನ್ಸಿಲಿನಲ್ಲಿ ಎಳೆದಿದ್ದ ಮಾಸಲು ಗೆರೆಯನ್ನು ಬೆರಳಿಟ್ಟು ತೋರಿಸಿ, "ಇಲ್ಲೇ ನಕ್ಕಿರಬೇಕು, ಮೇಡಂ" ಎಂದರು.