ಎರಡು ಎಂ.ಎಂ. ಪಟ್ಟಿಗೆ ಎಂಥಾ ಮಶಿನ್ ಬೇಕು?

ಪ್ರಶ್ನೆ: ನಾನು ನಿವೃತ್ತ ಮಾಸ್ತರ. ನಮ್ಮ ಶರಣಬಸವೇಶ್ವರರ ತೇರಿನ ಮಾದರಿ ಮಾಡಬೇಕೆಂಬುದು ಬಹಳ ವರ್ಷದ ಆಸೆ. ಒಂದೂವರೆ ಅಡಿ ಎತ್ತರ, ಪೂರ್ತಿ ಸಾಗವಾನಿಯಲ್ಲೇ. ಹಳೇ ಮನೆ ಕೆಡವಿದಾಗ ಉಳಿದ ಬಾಗಿಲ ಚೌಕಟ್ಟಿನ ತುಂಡುಗಳಿವೆ. ಕೈಗರಗಸದಲ್ಲಿ 2-3 ಎಂ.ಎಂ. ಪಟ್ಟಿ ಕೊಯ್ಯಲು ಹೋಗಿ ಎರಡು ತುಂಡು ಹಾಳು ಮಾಡಿದೆ. ಸಣ್ಣ ಟೇಬಲ್ ಸಾ (ಮೇಜಿನ ಸೀಳಿನಿಂದ ದುಂಡನೆ ಬ್ಲೇಡ್ ಮೇಲೆ ಬಂದಿರುವ ಗರಗಸದ ಮಶಿನ್) ಕೊಳ್ಳೋಣ ಅಂದರೆ ಅಂಗಡಿಯವರು 10 ಇಂಚಿನ ಬ್ಲೇಡಿನದೇ ತಗೊಳ್ಳಿ, ಮುಂದೆ ಎಲ್ಲದಕ್ಕೂ ಬರುತ್ತೆ ಅಂತಾರೆ. ಆನ್‌ಲೈನ್‌ನಲ್ಲಿ ಅಂಗೈ ಅಗಲದ ಮಶಿನ್‌ಗಳು ಅಗ್ಗಕ್ಕೆ ಸಿಗುತ್ತವೆ. ಮಗ ಅಮೆರಿಕದಿಂದ ಒಂದು ತರ್ತೀನಿ ಅಂತಾನೆ. ಯಾವುದನ್ನು ನಂಬಲಿ?
— ಒಬ್ಬ ಓದುಗರು, ಕಲಬುರಗಿ

ಉತ್ತರ: ಮಾಸ್ತರ್ರೇ, ಅಂಗಡಿಯವರ ಮಾತು ಬಾಗಿಲು, ಕಪಾಟು ಮಾಡುವವರಿಗೆ ಸರಿ. ನಿಮಗಲ್ಲ. ನೀವೇ ಲೆಕ್ಕ ಹಾಕಿ ನೋಡಿ. 10 ಇಂಚಿನ ಬ್ಲೇಡ್ ಒಂದು ಸಲ ಹಾದು ಹೋದರೆ ಸುಮಾರು 3 ಎಂ.ಎಂ. ಕಟ್ಟಿಗೆ ಪುಡಿಯಾಗುತ್ತೆ. ನಿಮಗೆ ಬೇಕಾದ ಪಟ್ಟಿಯೇ 2 ಎಂ.ಎಂ. ಹಾಗಾಗಿ 100 ಎಂ.ಎಂ. ಅಗಲದ ಹಲಗೆಯಲ್ಲಿ 20 ಪಟ್ಟಿ ಸಿಕ್ಕರೆ, ಕೈಗೆ ಬಂದದ್ದು 40 ಎಂ.ಎಂ., ಕಸಬರಿಗೆ ಪಾಲಾದದ್ದು 60. ಹಿರಿಯರ ಕಾಲದ ಸಾಗವಾನಿ ಸ್ವಾಮಿ, ಹೊಟ್ಟೆ ಉರಿಯಲ್ವಾ? ಅದೇ 1 ಎಂ.ಎಂ. ದಪ್ಪದ ಸಣ್ಣ ಬ್ಲೇಡ್ ಆದರೆ 33 ಪಟ್ಟಿ ಬರುತ್ತವೆ. ಇನ್ನೊಂದು ತೊಂದರೆ ಇದೆ. ದೊಡ್ಡ ಮಶಿನ್‌ನಲ್ಲಿ ಬ್ಲೇಡಿನ ಎರಡೂ ಕಡೆ ಸಂದು ಅಗಲವಾಗಿರುತ್ತೆ, ನಿಮ್ಮ ಪಟ್ಟಿ ಅದರೊಳಗೇ ಜಾರಿ ಚೂರಾಗುತ್ತೆ.

ಹಾಗಂತ ಚೌಕಟ್ಟಿನ ತುಂಡನ್ನು ಸಣ್ಣ ಮಶಿನ್‌ಗೆ ನೇರ ಕೊಡಲಿಕ್ಕೂ ಆಗಲ್ಲ. ಅದು ನಿಮ್ಮ ಓಣಿಯ ಬಡಿಗರ ಕೆಲಸ. ಅವರ ಹತ್ತಿರ 10-12 ಎಂ.ಎಂ. ಹಲಗೆ ಸೀಳಿಸಿ, ರಂದಾ ಹೊಡೆಸಿ ತನ್ನಿ. ಒಯ್ಯುವ ಮುಂಚೆ ಒಂದು ಆಯಸ್ಕಾಂತ ಹಿಡಿದು ತುಂಡಿನ ಮೇಲೆಲ್ಲಾ ಆಡಿಸಿ. ಹಳೇ ಚೌಕಟ್ಟಿನಲ್ಲಿ ತಲೆ ಮುರಿದ ಮೊಳೆ ಇದ್ದೇ ಇರುತ್ತೆ, ಅದು ಅವರ ಬ್ಲೇಡಿಗೆ ಸಿಕ್ಕರೆ ಮುಂದಿನ ಸಲ ನಿಮ್ಮನ್ನು ಮಾತಾಡಿಸಲ್ಲ. ಇಷ್ಟಾದರೆ ಮನೆಯ ಮಶಿನ್‌ಗೆ ಉಳಿಯೋದು ತೆಳು ಕೆಲಸ ಮಾತ್ರ.

ಈಗ ಅಳತೆ. ಬ್ಲೇಡ್ ಎಷ್ಟು ದೊಡ್ಡದೋ ಅದರ ಅರ್ಧ ಕೂಡ ಮೇಜಿನ ಮೇಲೆ ಬರಲ್ಲ. ನಡುವಿನ ವಾಶರ್, ಮೇಜಿನ ದಪ್ಪ ಕಳೆಯಬೇಕು. 60 ಎಂ.ಎಂ. ಆಸುಪಾಸಿನ ಬ್ಲೇಡಿನ ಮಶಿನ್‌ಗಳು 10 ಎಂ.ಎಂ. ಹಲಗೆಗೇ ಏದುಸಿರು ಬಿಡುತ್ತವೆ. 80ರಿಂದ 100 ಎಂ.ಎಂ. ಬ್ಲೇಡಿನದು ನಿಮಗೆ ಸರಿಹೋಗುತ್ತೆ. ಉದಾಹರಣೆಗೆ ಪ್ರಾಕ್ಸಾನ್ ಕಂಪನಿಯ ಎಫ್‌ಇಟಿ ಮಾಡೆಲ್‌ಗೆ 80 ಎಂ.ಎಂ. ಬ್ಲೇಡ್, ಸುಮಾರು 22 ಎಂ.ಎಂ. ದಪ್ಪದವರೆಗೆ ಕೊಯ್ಯುತ್ತೆ. ಅದೇ ಕಂಪನಿಯ ಕೆಎಸ್ 230ಗೆ 58 ಎಂ.ಎಂ. ಬ್ಲೇಡ್, ಅದು ಇನ್ನೂ ನಾಜೂಕು ಕೆಲಸದ್ದು. ಬೇರೆ ಹೆಸರಿನದು ಕೊಂಡರೂ ಈ ಅಳತೆಗಳನ್ನು ಎದುರಿಗಿಟ್ಟುಕೊಂಡು ನೋಡಿ.

ಅಗ್ಗದ ಮಶಿನ್ ಬಗ್ಗೆ ನನ್ನದೇ ಕಥೆ ಹೇಳ್ತೀನಿ. ಒಂದು ತರಿಸಿದ್ದೆ, ಹೆಸರು ಬೇಡ. ಮೋಟರ್ ಚೆನ್ನಾಗೇ ಇತ್ತು. ಕೈ ಕೊಟ್ಟದ್ದು ಫೆನ್ಸ್, ಅಂದರೆ ಹಲಗೆಯನ್ನು ಆನಿಸಿ ತಳ್ಳುವ ಆ ಪಟ್ಟಿ. ಮುಂದಿನ ತುದಿಯಲ್ಲಿ ಮಾತ್ರ ತಿರುಪು, ಹಿಂದಿನ ತುದಿಗೆ ಹಿಡಿತವೇ ಇಲ್ಲ. 2 ಎಂ.ಎಂ.ಗೆ ಇಟ್ಟು ಕೊಯ್ದ ಪಟ್ಟಿ ಒಂದು ತುದಿಗೆ 2, ಇನ್ನೊಂದು ತುದಿಗೆ 2.4. ಒಂದು ಪಟ್ಟಿಯಲ್ಲಿ ಇದು ಕಾಣಲ್ಲ, ಹತ್ತು ಪಟ್ಟಿ ಪಕ್ಕಪಕ್ಕ ಅಂಟಿಸಿದರೆ ಒಂದು ಕಡೆ 4 ಎಂ.ಎಂ. ಉಬ್ಬಿ ನಿಂತಿತು. ತೇರಿನ ಅಂತಸ್ತು ಹೀಗೆ ಉಬ್ಬಿದರೆ ಕಳಸ ಇಡುವ ಹೊತ್ತಿಗೆ ಪಕ್ಕದ ಗಲ್ಲಿ ಕಡೆ ವಾಲಿರುತ್ತೆ. ಅಷ್ಟೇ ಅಲ್ಲ, ಬ್ಲೇಡಿಗೂ ಫೆನ್ಸಿಗೂ ನಡುವಿನ ಜಾಗ ಹಿಂದೆ ಕಿರಿದಾಗಿದ್ದಕ್ಕೆ ಒಂದು ತುಂಡು ಅಲ್ಲಿ ಸಿಕ್ಕಿ, ಹಿಂದಕ್ಕೆ ಬಾಣದಂತೆ ಹಾರಿ ಅಲಮಾರಿ ಗಾಜಿಗೆ ಬಡಿಯಿತು. ನಾನು ಪಕ್ಕಕ್ಕೆ ನಿಂತಿದ್ದೆ. ಎದುರಿಗೆ ನಿಂತಿದ್ದರೆ ಈ ಉತ್ತರ ಬೇರೆ ಯಾರೋ ಬರೀಬೇಕಿತ್ತು.

ಅದಕ್ಕೆ ವ್ಯಾಟ್ ಎಷ್ಟು, ಬಣ್ಣ ಯಾವುದು ಅಂತ ಕೇಳುವ ಮುಂಚೆ ಹೀಗೆ ಪರೀಕ್ಷೆ ಮಾಡಿ. ಪ್ಲಗ್ ತೆಗೆದಿರಲಿ. ಬ್ಲೇಡಿನ ಒಂದು ಹಲ್ಲಿಗೆ ಪೆನ್ನಿನಿಂದ ಗುರುತು ಹಾಕಿ. ಆ ಹಲ್ಲನ್ನು ಮುಂದೆ ತಂದು ಮೇಜಿನ ಮೇಲೆ ಅಡ್ಡ ಕೊಯ್ಯುವ ಗೇಜ್ ಜಾರುವ ಸೀಳಿನಿಂದ ಎಷ್ಟು ದೂರ ಇದೆ ಅಂತ ಅಳೆಯಿರಿ. ಅದೇ ಹಲ್ಲನ್ನು ಕೈಯಿಂದ ಹಿಂದಕ್ಕೆ ತಿರುಗಿಸಿ ಮತ್ತೆ ಅಳೆಯಿರಿ. ಎರಡೂ ಒಂದೇ ಇರಬೇಕು. ಆಮೇಲೆ ಫೆನ್ಸ್ 50 ಎಂ.ಎಂ.ಗೆ ಬಿಗಿ ಮಾಡಿ, ಹಿಂದಿನ ತುದಿಯನ್ನು ಹೆಬ್ಬೆರಳಿನಿಂದ ಒತ್ತಿ. ಅಲುಗಾಡಿತೋ, ಬಿಟ್ಟುಬಿಡಿ. ಗುನ್ಯಾ (ಬಡಿಗರ ಲಂಬಕೋನದ ಅಳತೆಪಟ್ಟಿ) ಹಿಡಿದು ಬ್ಲೇಡ್ ಮೇಜಿಗೆ ನೆಟ್ಟಗಿದೆಯಾ ನೋಡಿ. ಬ್ಲೇಡಿನ ನಡುವಿನ ತೂತು ಎಷ್ಟು ಎಂ.ಎಂ. ಅಂತ ಕೇಳಿಟ್ಟುಕೊಳ್ಳಿ, ಆ ಅಳತೆಯ ಬ್ಲೇಡ್ ಮುಂದೆ ಸಿಗದಿದ್ದರೆ ಮಶಿನ್ ಸುಮ್ನೆ ಮೂಲೆಗೆ ಬೀಳುತ್ತೆ. ಬ್ಲೇಡಿನ ಹಿಂದೆ ತೆಳ್ಳನೆ ರೆಕ್ಕೆಯಂಥ ತಗಡು ಇದ್ದರೆ ಒಳ್ಳೇದು. ಸೀಳಿದ ಕಟ್ಟಿಗೆ ಮತ್ತೆ ಮುಚ್ಚಿಕೊಂಡು ಬ್ಲೇಡನ್ನು ಹಿಡಿಯದಂತೆ ಅದು ತಡೆಯುತ್ತೆ.

ಮಗ ತರುವ ಮಶಿನ್ ವಿಷಯ. ಅಲ್ಲಿಯ ಕರೆಂಟ್ 120 ವೋಲ್ಟ್, 60 ಹರ್ಟ್ಸ್. ನಮ್ಮದು 230, 50. ನೇರ ಚುಚ್ಚಿದರೆ ಹೊಗೆ ಬರೋದು ಖಾತ್ರಿ. ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಹಾಕಬಹುದು, ಆದರೆ ಅದು ವೋಲ್ಟೇಜ್ ಇಳಿಸುತ್ತೆ ಅಷ್ಟೇ, ಹರ್ಟ್ಸ್ ಬದಲಿಸಲ್ಲ. ಒಳಗೆ ಬ್ರಶ್ ಇಲ್ಲದ ಇಂಡಕ್ಷನ್ ಮೋಟರ್ ಇದ್ದರೆ ವೇಗ ಆರನೇ ಒಂದು ಪಾಲು ಇಳಿಯುತ್ತೆ, ಬಿಸಿಯೂ ಆಗಬಹುದು. ಕಾರ್ಬನ್ ಬ್ರಶ್ ಇರುವ ಮೋಟರ್ ಆದರೆ ಅಷ್ಟು ಚಿಂತೆ ಇಲ್ಲ. ನನ್ನನ್ನು ಕೇಳಿದರೆ 230 ವೋಲ್ಟಿನದೇ ಕೊಳ್ಳಿ, ಮಗನಿಗೆ ಒಳ್ಳೆಯ ಬ್ಲೇಡ್‌ಗಳನ್ನು ತರಲು ಹೇಳಿ. ಬ್ಯಾಗಿನಲ್ಲಿ ಹಗುರ, ಇಲ್ಲಿ ಹುಡುಕೋದು ಕಷ್ಟ. ಉದ್ದಕ್ಕೆ ಸೀಳಲು ಕಡಿಮೆ ಹಲ್ಲಿನದೊಂದು, ಅಡ್ಡ ಕೊಯ್ಯಲು ಜಾಸ್ತಿ ಹಲ್ಲಿನದೊಂದು ಸಾಕು. ತೂತಿನ ಅಳತೆ ಮಾತ್ರ ಮರೀದೆ ಬರೆದು ಕಳಿಸಿ.

ಮಶಿನ್ ಬಂದ ಮೇಲೆ ಮೊದಲ ಕೆಲಸ ಬ್ಲೇಡಿನ ಅಕ್ಕಪಕ್ಕದ ಸಂದು ಮುಚ್ಚೋದು. ಬ್ಲೇಡ್ ಕೆಳಗಿಳಿಸಿ, ಮೇಜಿನ ಮೇಲೆ 3 ಎಂ.ಎಂ. ಪ್ಲೈವುಡ್ ತುಂಡನ್ನು ಗಟ್ಟಿಯಾಗಿ ಕೂರಿಸಿ, ಮಶಿನ್ ಹಾಕಿ ಬ್ಲೇಡನ್ನು ನಿಧಾನ ಮೇಲೆತ್ತಿ. ಬ್ಲೇಡಿನಷ್ಟೇ ದಪ್ಪದ ಸೀಳು ಅದಾಗೇ ಬೀಳುತ್ತೆ, ಪಟ್ಟಿ ಒಳಗೆ ಜಾರಲ್ಲ. ಇನ್ನು ತೆಳು ಪಟ್ಟಿಯನ್ನು ಬ್ಲೇಡಿಗೂ ಫೆನ್ಸಿಗೂ ನಡುವೆ ಕೊಯ್ಯಬೇಡಿ. ಫೆನ್ಸ್ ಬಲಗಡೆ ಇದ್ದರೆ, ಎಡಗಡೆ ಬ್ಲೇಡಿಗಿಂತ ಸ್ವಲ್ಪ ಮುಂಚೆ, ನಿಮ್ಮ ಕಡೆಗೆ, ಒಂದು ತುಂಡು ಬಿಗಿದು ತಡೆ ಮಾಡಿ. ಬ್ಲೇಡಿನಿಂದ ಆ ತಡೆಗೆ 2 ಎಂ.ಎಂ. ಇರಲಿ. ಹಲಗೆಯನ್ನು ತಡೆಗೆ ತಾಗಿಸಿ, ಫೆನ್ಸನ್ನು ಹಲಗೆಗೆ ತಂದು ಬಿಗಿದು, ಕೊಯ್ಯಿರಿ. ಪಟ್ಟಿ ಎಡಕ್ಕೆ ಆರಾಮಾಗಿ ಬೀಳುತ್ತೆ. ಪ್ರತಿ ಸಲ ಫೆನ್ಸ್ ಸರಿಸಬೇಕು, ಬೇಜಾರಿನ ಕೆಲಸವೇ. ಆದರೆ ಐವತ್ತನೇ ಪಟ್ಟಿಯೂ ಮೊದಲನೆಯದರಷ್ಟೇ ದಪ್ಪ ಬರುತ್ತೆ.

ತಳ್ಳಲು ಕೋಲು ಬಳಸಿ, ಬೆರಳು ಬೇಡ. ಕೈಗವಸು ಹಾಕಲೇಬೇಡಿ, ಹಲ್ಲಿಗೆ ದಾರ ಸಿಕ್ಕರೆ ಕೈಯನ್ನೂ ಎಳೆದುಕೊಳ್ಳುತ್ತೆ. ಕನ್ನಡಕ, ಮಾಸ್ಕ್ ಬೇಕೇ ಬೇಕು. ಸಾಗವಾನಿ ಧೂಳು ಮೂಗಿಗೂ ಚರ್ಮಕ್ಕೂ ಒಳ್ಳೇದಲ್ಲ, ಬೇಸಿಗೆಯ ಬೆವರಿಗೆ ಅಂಟಿದರೆ ತುರಿಕೆ ಶುರು. ಅಂದ ಹಾಗೆ, ಏಪ್ರಿಲ್-ಮೇ ಮಧ್ಯಾಹ್ನ ಓಣಿಯ ಕೂಲರ್‌ಗಳೆಲ್ಲಾ ಓಡುವಾಗ ವೋಲ್ಟೇಜ್ ಇಳಿದರೆ ಬ್ಲೇಡ್ ನಿಧಾನವಾಗಿ ಕಟ್ಟಿಗೆ ಕಪ್ಪಾಗಬಹುದು. ಬೆಳಗ್ಗೆ ಬೇಗ ಕೂತುಬಿಡಿ, ತಂಪೂ ಇರುತ್ತೆ.

ಗಾಲಿ ದುಂಡಗೆ ಕೊಯ್ಯೋದು ಈ ಮಶಿನ್ ಕೆಲಸ ಅಲ್ಲ. ಅದಕ್ಕೆ ಸಣ್ಣ ಕೈಗರಗಸ, ಅರ, ಮರಳು ಕಾಗದ ಇಟ್ಟುಕೊಳ್ಳಿ.

ಪ್ರಶ್ನೆ: ನಮ್ಮ ಅಣ್ಣ ಪರ್ಸಿ (ನೆಲಹಾಸಿನ ಕಲ್ಲು) ಕೂರಿಸುವ ಕೆಲಸ ಮಾಡ್ತಾನೆ. ಅವನ 4 ಇಂಚಿನ ಮಾರ್ಬಲ್ ಕಟರ್‌ಗೆ ಕಟ್ಟಿಗೆ ಬ್ಲೇಡ್ ಹಾಕಿ, ಪ್ಲೈವುಡ್ ಕೆಳಗೆ ತಲೆಕೆಳಗಾಗಿ ಬಿಗಿದರೆ ಟೇಬಲ್ ಸಾ ಆಗುತ್ತೆ ಅಂತ ವಿಡಿಯೋದಲ್ಲಿ ನೋಡಿದೆ. ಸಣ್ಣ ಮನೆ ಮಾದರಿ ಮಾಡಲು ನಡೆಯುತ್ತಾ?
— ಒಬ್ಬ ಪಿಯು ವಿದ್ಯಾರ್ಥಿ, ಶಹಾಬಾದ್

ಉತ್ತರ: ನಡೆಯುತ್ತೆ ತಮ್ಮಾ, ಆದರೆ ನನ್ನ ತಮ್ಮನಿಗೆ ನಾನು ಮಾಡಲು ಬಿಡಲ್ಲ. ಆ ಕಟರ್ ನಿಮಿಷಕ್ಕೆ 12-13 ಸಾವಿರ ಸುತ್ತು ತಿರುಗುತ್ತೆ. ಕಲ್ಲಿಗೆ ಅದು ಸರಿ. ಕಟ್ಟಿಗೆ ಬ್ಲೇಡಿನ ಮೇಲೆ ಎಷ್ಟು ಸುತ್ತು ತಡೆಯುತ್ತೆ ಅಂತ ಬರೆದಿರುತ್ತೆ, ಅದು ಮಶಿನ್‌ನ ವೇಗಕ್ಕಿಂತ ಕಡಿಮೆ ಇದ್ದರೆ ಹಲ್ಲು ಕಿತ್ತು ಹಾರಬಹುದು. ವಿಡಿಯೋದವರು ಸ್ವಿಚ್ಚನ್ನು ಒತ್ತಿ ಲಾಕ್ ಮಾಡಿಬಿಡ್ತಾರಲ್ಲ, ಏನಾದರೂ ಆದರೆ ಮೇಜಿನ ಕೆಳಗೆ ಕೈ ಹಾಕಿ ಬಂದ್ ಮಾಡಬೇಕು, ಅದೂ ಬ್ಲೇಡಿನ ಪಕ್ಕದಲ್ಲೇ. ಕೈಯಲ್ಲಿ ಹಿಡಿದು ಲೋಹ ಉಜ್ಜುವ ಆಂಗಲ್ ಗ್ರೈಂಡರ್‌ಗೆ ಕಟ್ಟಿಗೆ ಬ್ಲೇಡ್ ಅಂತೂ ಯಾವತ್ತೂ ಬೇಡ. ನಿನಗೆ ಬೇಕಾದದ್ದು ಸಣ್ಣ ಮನೆ ತಾನೇ? 3 ಎಂ.ಎಂ. ಎಂಡಿಎಫ್ (ಕಟ್ಟಿಗೆ ನಾರು ಒತ್ತಿ ಮಾಡಿದ ಹಲಗೆ) ಆಗಲಿ, ಐಸ್ ಕ್ಯಾಂಡಿ ಕಡ್ಡಿ ಆಗಲಿ, ಉಕ್ಕಿನ ಸ್ಕೇಲ್ ಆನಿಸಿ ಕಟರ್ ಬ್ಲೇಡಿನಿಂದ ನಾಲ್ಕೈದು ಸಲ ಗೀರಿದರೆ ತುಂಡಾಗುತ್ತೆ. ಅಣ್ಣನ ಕಟರ್ ಪರ್ಸಿಗೇ ಇರಲಿ.

ಪ್ರಶ್ನೆ: ಮಹಮೂದ್ ಗವಾನ್ ಮದರಸಾದ ಮಾದರಿ ಮಾಡ್ತಿದ್ದೀನಿ. ಕಮಾನುಗಳನ್ನು ಮಿನಿ ಟೇಬಲ್ ಸಾ ಮೇಲೆ ಹಿತ್ತಾಳೆ ತಗಡಿನಲ್ಲಿ ಕೊಯ್ಯಬಹುದೇ?
— ಒಬ್ಬ ಗೃಹಿಣಿ, ಬೀದರ್

ಉತ್ತರ: ಅಕ್ಕಾವ್ರೇ, ನೇರ ಪಟ್ಟಿ ಬರುತ್ತೆ, ಕಮಾನು ಬರಲ್ಲ. ಟೇಬಲ್ ಸಾಗೆ ಸರಳ ರೇಖೆ ಒಂದೇ ಗೊತ್ತು. ಬಾಗಿಸಿ ತಳ್ಳಿದರೆ ಬ್ಲೇಡ್ ಕಚ್ಚಿಕೊಳ್ಳುತ್ತೆ. ನೇರ ಪಟ್ಟಿಗೂ ಸಣ್ಣ ಹಲ್ಲಿನ ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್, ಗಟ್ಟಿ ಉಕ್ಕು) ಬ್ಲೇಡ್ ಹಾಕಿ, ವೇಗ ಕಡಿಮೆ ಮಾಡಿ, ತಗಡಿನ ಕೆಳಗೆ ಪ್ಲೈವುಡ್ ಇಟ್ಟು ಎರಡನ್ನೂ ಒಟ್ಟಿಗೆ ಕೊಯ್ಯಬೇಕು, ಇಲ್ಲದಿದ್ದರೆ ತಗಡು ಮೇಲೆದ್ದು ಬಡಿಯುತ್ತೆ. ಕಮಾನಿಗೆ ಅಕ್ಕಸಾಲಿಗರು ಬಳಸುವ ದಾರದಷ್ಟು ಸಣ್ಣ ಬ್ಲೇಡಿನ ಗರಗಸ ಸಾಕು. ನಿಮ್ಮೂರಲ್ಲಿ ಬಿದ್ರಿ ಕೆಲಸದವರು ಇದ್ದಾರಲ್ಲ, ಲೋಹದ ಮೇಲೆ ಅವರ ಕೈ ಓಡುವುದನ್ನು ಅರ್ಧ ದಿನ ಪಕ್ಕದಲ್ಲಿ ಕೂತು ನೋಡಿ ಬನ್ನಿ. ಬ್ಲೇಡನ್ನು ಚೌಕಟ್ಟಿಗೆ ಕಟ್ಟುವಾಗ ಹಲ್ಲು ಹಿಡಿಕೆಯ ಕಡೆ ಮುಖ ಮಾಡಿರಲಿ, ಎಳೆಯುವಾಗ ಕೊಯ್ಯಬೇಕು. ಒಂದು ಡಜನ್ ಬ್ಲೇಡ್ ಒಟ್ಟಿಗೇ ತಗೊಳ್ಳಿ, ಮೊದಲ ಕಮಾನು ಮುಗಿಯುವುದರೊಳಗೆ ನಾಲ್ಕಾದರೂ ಮುರೀತವೆ.