ಪ್ರತಿಕ್ರಿಯೆ: ಮ್ಯಾಂಟಿಸ್ ಮಿಡತೆಯ ಬಂಧುವೇ?

ಕೈಮುಗಿದಂತೆ ನಿಲ್ಲುವ ಮ್ಯಾಂಟಿಸ್ ಎಂಬ ಕೀಟ ಮಿಡತೆಯ ಜಾತಿಗೆ ಸೇರಿದ್ದೇ ಎಂದು ತಾವು ಕೇಳಿದ್ದೀರಿ. ಇಲ್ಲ, ಆದರೆ ತಮ್ಮ ಊಹೆ ಸಹಜವಾದದ್ದೇ. 1758ರಲ್ಲಿ ಜೀವಿಗಳನ್ನು ವರ್ಗೀಕರಿಸಿದ ಸ್ವೀಡನ್ನಿನ ವಿಜ್ಞಾನಿ ಲಿನೇಯಸ್ ಕೂಡ ಇವನ್ನು ಮಿಡತೆ, ಜೀರುಂಡೆಗಳೊಂದಿಗೆ ಗ್ರಿಲ್ಲಸ್ ಎಂಬ ಒಂದೇ ಕುಲದಲ್ಲಿ ಇರಿಸಿದ್ದನು. ಇಂದು ಮಿಡತೆಗಳು ಆರ್ಥಾಪ್ಟೆರಾ ಗಣಕ್ಕೂ (ಗಣವೆಂದರೆ ಕುಲ, ಕುಟುಂಬಗಳಿಗಿಂತ ದೊಡ್ಡ ವಿಭಾಗ), ಸುಮಾರು 2,400 ಪ್ರಭೇದಗಳಿರುವ ಮ್ಯಾಂಟಿಸ್‌ಗಳು ಮ್ಯಾಂಟೋಡಿಯಾ ಎಂಬ ಪ್ರತ್ಯೇಕ ಗಣಕ್ಕೂ ಸೇರಿವೆ.

ಇವುಗಳ ನಿಜವಾದ ಹತ್ತಿರದ ಬಂಧುಗಳು ಜಿರಳೆಗಳು ಮತ್ತು ಗೆದ್ದಲುಗಳು. ಈ ಮೂರನ್ನೂ ಡಿಕ್ಟಿಯಾಪ್ಟೆರಾ ಎಂಬ ದೊಡ್ಡ ಗುಂಪಿನಲ್ಲಿ ಸೇರಿಸಲಾಗಿದೆ. ಹೊರನೋಟಕ್ಕೆ ನಂಬುವುದು ಕಷ್ಟ, ಆದರೆ ಮೊಟ್ಟೆಗಳನ್ನು ಗಮನಿಸಿ: ಹೆಣ್ಣು ಮ್ಯಾಂಟಿಸ್ ನೊರೆಯಂತಹ ದ್ರವವನ್ನು ಸ್ರವಿಸಿ, ಅದು ಗಟ್ಟಿಯಾದಾಗ ರೂಪುಗೊಳ್ಳುವ ಕೋಶದೊಳಗೆ ಮೊಟ್ಟೆಗಳನ್ನು ಒಟ್ಟಾಗಿ ಕಾಪಾಡುತ್ತದೆ, ಜಿರಳೆಯೂ ಹಾಗೆಯೇ ತನ್ನ ಮೊಟ್ಟೆಗಳನ್ನು ಒಂದು ಕೋಶದಲ್ಲಿ ಇಡುತ್ತದೆ. ಮುಳ್ಳುಗಳಿರುವ ಮುಂಗಾಲುಗಳನ್ನು ಮಾತ್ರ ನೋಡಿ ಮ್ಯಾಂಟಿಸ್ ಎಂದು ಗುರುತಿಸಬೇಡಿ, ಏಕೆಂದರೆ ನ್ಯೂರಾಪ್ಟೆರಾ ಎಂಬ ಬೇರೆಯೇ ಗಣದ ಮ್ಯಾಂಟಿಸ್ಪಿಡ್ ಕೀಟಗಳಲ್ಲಿಯೂ ಅಂಥವೇ ಕಾಲುಗಳು ಸ್ವತಂತ್ರವಾಗಿ ವಿಕಾಸಗೊಂಡಿವೆ.

ದಕ್ಷಿಣ ಭಾರತದಲ್ಲಿ ಕಾಣಸಿಗುವ, ಪಿಟೀಲಿನ ಆಕಾರದ ಗಾಂಗೈಲಸ್ ಗಾಂಗೈಲೋಡಿಸ್ ಎಂಬ ಮ್ಯಾಂಟಿಸ್ ಎಂಪ್ಯೂಸಿಡೀ ಕುಟುಂಬಕ್ಕೆ ಸೇರಿದೆ. ಒಣಗಿದ ಎಲೆಯಂತಹ ಆ ಅಪೂರ್ವ ಜೀವಿಯನ್ನು ತಾವು ಒಮ್ಮೆಯಾದರೂ ನೋಡಬೇಕು. ತಮಗೆ ಕಂಡದ್ದು ಅಗಲವಾದ ಹಸಿರು ದೇಹದ್ದಾಗಿದ್ದರೆ, ಅದು ಮ್ಯಾಂಟಿಡೀ ಕುಟುಂಬದ ಹೈರೋಡ್ಯುಲಾ ಕುಲದ ಮ್ಯಾಂಟಿಸ್ ಆಗಿರುವ ಸಾಧ್ಯತೆಯಿದೆ.