ಹೋಗುವ ದಿನಕ್ಕಿಂತ ಮೊದಲು ಬರುವ ದಿನ

(ಗುರುತು ಸಿಗದಂತೆ ಹೆಸರು, ವಯಸ್ಸು ಮತ್ತು ಮನೆಯ ಕೆಲವು ವಿವರಗಳನ್ನು ಬದಲಿಸಿದ್ದೇನೆ.)

ಸುಮಿತ್ರಾ ನನ್ನ ಬಳಿ ಬಂದದ್ದು ಅತ್ತೆಯ ವಿಷಯ ಹೇಳಲು ಅಲ್ಲ. ನಿದ್ದೆ ಬರುತ್ತಿಲ್ಲ, ಸುಮ್ಸುಮ್ನೆ ಅಳು ಬರುತ್ತದೆ ಅಂತ. ವಯಸ್ಸು 52. ಬಾಗಲಕೋಟೆಯ ನವನಗರದಲ್ಲಿ ಮನೆ. ಗಂಡನಿಗೆ ಗೊಬ್ಬರದ ಅಂಗಡಿ, ಮಗ ಪುಣೆಯಲ್ಲಿ. ಅರ್ಧ ಗಂಟೆ ಅದೂ ಇದೂ ಮಾತಾಡಿದರು. ಎದ್ದು ಹೊರಟವರು ಬಾಗಿಲ ಹತ್ತಿರ ನಿಂತರು.

"ಮೊನ್ನೆ ಅತ್ತಿ ಮ್ಯಾಲ ಕೈ ಎತ್ತಿದ್ನಿರಿ ಮೇಡಮ್. ಹೊಡೀಲಿಲ್ಲ. ಆದ್ರ ಎತ್ತಿದೆ."

ವಾಪಸ್ ಬಂದು ಕೂತರು. ಆಮೇಲೆ ಎಲ್ಲ ಹೊರಗೆ ಬಂತು.

ಅತ್ತೆಗೆ 81. ಮೂರು ವರ್ಷದ ಹಿಂದೆ ಲಕ್ವ ಹೊಡೆದು ಬಲಗೈ, ಬಲಗಾಲು ಸೋತಿವೆ. ಈಚೆಗೆ ಮರೆವೂ ಸೇರಿಕೊಂಡಿದೆ. ಬೆಳಿಗ್ಗೆ ಚೆನ್ನಾಗಿಯೇ ಇರುತ್ತಾರೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಸೀರೆ ಗಂಟು ಕಟ್ಟಿಕೊಂಡು "ಮನಿಗೆ ಹೋಗೂನು ನಡಿ" ಅಂತ ಹಟ ಹಿಡಿಯುತ್ತಾರೆ. ರಾತ್ರಿ ಮೂರು ನಾಲ್ಕು ಸಲ ಎಬ್ಬಿಸುತ್ತಾರೆ. ಎತ್ತುವುದು, ತೊಳೆಯುವುದು, ಉಣಿಸುವುದು ಎಲ್ಲ ಸುಮಿತ್ರಾ ಒಬ್ಬರೇ. ಇದರ ಮೇಲೆ ಅವರಿಗೆ ಗರ್ಭಕೋಶದ ಆಪರೇಷನ್ ಆಗಬೇಕಿತ್ತು. ಎಂಟು ತಿಂಗಳಿಂದ ಮುಂದೂಡುತ್ತಿದ್ದರು. ಆಪರೇಷನ್ ಆದ ಮೇಲೆ ಆರು ವಾರ ಭಾರ ಎತ್ತಬಾರದು ಅಂದಿದ್ದರು ಡಾಕ್ಟರು. "ಅತ್ತೀನ ಎತ್ತೋರು ಯಾರ್ರಿ?" ಇದೇ ಅವರ ಪ್ರಶ್ನೆ.

ಕೈ ಎತ್ತಿದ ಮಾತ್ರಕ್ಕೆ ನೀವು ಕೆಟ್ಟವರಲ್ಲ, ಆದರೆ ಇದನ್ನು ಹಾಗೇ ಬಿಡುವಂತಿಲ್ಲ ಅಂದೆ. ಇಬ್ಬರಿಗೂ ಅಪಾಯ. ಮತ್ತೆ ಅಂಥ ಸಿಟ್ಟು ಬಂದರೆ ಅವರು ಬೀಳದಂತೆ ಮಲಗಿಸಿ, ಹತ್ತು ನಿಮಿಷ ಪಡಸಾಲೆಗೆ ಹೋಗಿಬಿಡಿ. ರಾತ್ರಿ ಯಾರ ಜೊತೆಗಾದರೂ ಮಾತಾಡಬೇಕು ಅನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತಾರೆ. ಆಪರೇಷನ್ ತಾರೀಖು ಮೊದಲು ಗೊತ್ತುಮಾಡಿ. ಉಳಿದದ್ದನ್ನು ಅದಕ್ಕೆ ಹೊಂದಿಸೋಣ.

ಮುಂದಿನ ವಾರ ಅವರ ಮನೆಗೇ ಹೋದೆ. ಗಂಡನ ಮಾತು ಒಂದೇ. "ಅವ್ವನ್ನ ವೃದ್ಧಾಶ್ರಮಕ್ಕ ಹಾಕಿದ್ರ ಮಂದಿ ಏನಂದಾರು?"

ನಮ್ಮ ಕಡೆ ಎಲ್ಲಕ್ಕೂ ವೃದ್ಧಾಶ್ರಮ ಅನ್ನುವ ಒಂದೇ ಪದ. ಅದಕ್ಕೇ ಇಷ್ಟು ಹೆದರಿಕೆ. ಎಷ್ಟೋ ವೃದ್ಧಾಶ್ರಮಗಳು ತಮ್ಮ ಸ್ನಾನ, ಶೌಚ ತಾವೇ ಮಾಡಿಕೊಳ್ಳುವವರನ್ನು ಮಾತ್ರ ತಗೋತಾರೆ. ಹಾಗಾಗಿ ಈ ಅಜ್ಜಿಗೆ ಅದು ಹೊಂದುವುದೇ ಇಲ್ಲ. ಅಸಿಸ್ಟೆಡ್ ಲಿವಿಂಗ್ ಅಂದರೆ ಸ್ನಾನ, ಬಟ್ಟೆ, ಮಾತ್ರೆಗೆಲ್ಲ ಸಹಾಯಕ್ಕೆ ಜನ ಇರುವ ಮನೆ. ಅಂಥ ಕೆಲವು ಕಡೆ ಎರಡು ವಾರ, ಒಂದು ತಿಂಗಳ ಮಟ್ಟಿಗೂ ಇಟ್ಟುಕೊಳ್ಳುತ್ತಾರೆ. ಇದಕ್ಕೆ ರೆಸ್ಪೈಟ್ ಕೇರ್ ಅನ್ನುತ್ತಾರೆ. ನೋಡಿಕೊಳ್ಳುವವರಿಗೆ ಬಿಡುವು, ಅಷ್ಟೇ. ಹೋಮ್ ನರ್ಸ್ ಮನೆಗೇ ಬಂದು ಇದ್ದರೂ ಅದು ಬಿಡುವೇ. ಊರಲ್ಲಿ ಏನಿದೆ ಅಂತ ಗೊತ್ತಾಗದಿದ್ದರೆ ಹಿರಿಯರ ಸಹಾಯವಾಣಿ 14567 ಇದೆ, ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ.

ಇನ್ನೊಂದು ಮಾತನ್ನೂ ಆ ದಿನ ಹೇಳಿದೆ. ತಂದೆ ತಾಯಿಯ ಪೋಷಣೆಗೆ 2007ರ ಕಾನೂನಿದೆ. ಅದರಲ್ಲಿ 'ಮಕ್ಕಳು' ಅಂದರೆ ಮಗ, ಮಗಳು, ಮೊಮ್ಮಗ, ಮೊಮ್ಮಗಳು. ಸೊಸೆಯ ಹೆಸರು ಅಲ್ಲಿಲ್ಲ. ಕೋರ್ಟು ಕಚೇರಿಗೆ ಹೋಗಿ ಅಂತ ಹೇಳಿದ್ದಲ್ಲ. ಅತ್ತೆಗೆ ಜಮಖಂಡಿಯಲ್ಲಿ ಒಬ್ಬ ಮಗಳು, ವಿಜಯಪುರದಲ್ಲಿ ಇನ್ನೊಬ್ಬಳು. ಹಬ್ಬಕ್ಕೆ ಬಂದು ಅವ್ವನ ಕೈ ಹಿಡಿದು ಅತ್ತು ಹೋಗುತ್ತಿದ್ದರು. ಅವರಿಗೂ ಪಾಲಿದೆ ಅಂತ ಅಣ್ಣನೇ ಫೋನ್ ಮಾಡಿ ಹೇಳಬೇಕಿತ್ತು, ವೈನಿ ಅಲ್ಲ. ಮಾಡಿದರು. ಹಿಂಜರಿಯುತ್ತಲೇ ಮಾಡಿದರು.

ಇಲ್ಲಿ ನನ್ನ ತಪ್ಪೊಂದನ್ನು ಹೇಳಲೇಬೇಕು. ಇದನ್ನೆಲ್ಲ ನಾವು ಪಡಸಾಲೆಯಲ್ಲಿ ಕೂತು ಮಾತಾಡಿದೆವು. ಪಕ್ಕದ ಕೋಣೆಯ ಬಾಗಿಲು ತೆರೆದಿತ್ತು. ಮರೆವಿನವರು, ಏನು ತಿಳಿದೀತು ಅಂತ ನಾನೂ ಅಂದುಕೊಂಡೆ. ಎಲ್ಲ ಕೇಳಿಸಿದೆ. ಎರಡು ದಿನ ಅಜ್ಜಿ ಸರಿಯಾಗಿ ಊಟ ಮಾಡಲಿಲ್ಲ.

ಮತ್ತೆ ಹೋದೆ, ಬೆಳಿಗ್ಗೆ, ಅವರ ತಲೆ ತಿಳಿಯಾಗಿರುವ ಹೊತ್ತಿಗೆ. ಮೊದಲು ನಿಮ್ಮನ್ನೇ ಕೇಳಬೇಕಿತ್ತು, ತಪ್ಪಾಯ್ತು ಅಂದೆ. ಸುಮಾರು ಹೊತ್ತು ಸುಮ್ಮನಿದ್ದರು.

"ಆಗ ನೀರ ಬಂತು ಅಂತ ಎಬ್ಬಿಸಿದ್ರು. ಈಗ ನೀವ ಎಬ್ಬಸ್ತೀರಿ. ಆಗೂ ಹಿಂಗ ಹೇಳಿದ್ರವ್ವಾ, ಛಲೋ ಜಾಗಾ ಅಂತ."

ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಅವರ ಹಳೆಯ ಮನೆ ಹೋಗಿತ್ತು. ಸಂಜೆ ಸಂಜೆ ಗಂಟು ಕಟ್ಟಿ ಹೊರಡುತ್ತಿದ್ದದ್ದು ಆ ಮನೆಗೆ. ಬಾಗಲಕೋಟೆಯಲ್ಲಿ ಮುಳುಗಡೆ ಅನ್ನುವ ಮಾತು ಎಷ್ಟೋ ಮನೆಗಳಲ್ಲಿ ಇನ್ನೂ ಹಸಿಯಾಗಿದೆ. ಆ ಮನೆಗಳ ಹಿರಿಯರಿಗೆ ಊರು ಬಿಡುವುದು ಅಂದರೆ ವಾಪಸ್ ಬರದೇ ಇರುವುದು. ಹೊಸ ಜಾಗ ಎಷ್ಟು ಛಲೋ ಇದೆ ಅಂತ ನಾವು ಹೇಳಿದಷ್ಟೂ ಇವರ ಹೆದರಿಕೆ ಜಾಸ್ತಿಯಾಗುತ್ತಿತ್ತು.

ಹಾಗಾಗಿ ಜಾಗದ ಮಾತು ಬಿಟ್ಟು ಬರುವ ದಿನದ ಮಾತು ತೆಗೆದೆವು. ಹೋಗುವ ತಾರೀಖು ಇನ್ನೂ ಗೊತ್ತಾಗಿರಲಿಲ್ಲ. ಅದಕ್ಕೂ ಮೊದಲು, ಮಗನ ಕೈಯಿಂದಲೇ ಗೋಡೆಯ ಕ್ಯಾಲೆಂಡರಿನಲ್ಲಿ ವಾಪಸ್ ಬರುವ ದಿನಕ್ಕೆ ಕೆಂಪು ಗುರುತು ಹಾಕಿಸಿದೆ. "ಈ ದಿನ ನಾನ ಬಂದು ಕರ್ಕೊಂಡು ಬರ್ತೀನವ್ವಾ." ಅವರ ಹಾಸಿಗೆ, ಅವರ ಟ್ರಂಕು ತೆಗೆಯಬಾರದು, ಆ ಕೋಣೆಗೆ ಬೇರೆ ಸಾಮಾನು ಹಾಕಬಾರದು ಅಂತಲೂ ಹೇಳಿದೆ. ಅಜ್ಜಿ ಹೂಂ ಅನ್ನಲಿಲ್ಲ. ಬೇಡ ಅಂತಲೂ ಅನ್ನಲಿಲ್ಲ. ಮಧ್ಯಾಹ್ನ ಅರ್ಧ ರೊಟ್ಟಿ ತಿಂದರು ಅಂತ ಸುಮಿತ್ರಾ ಫೋನ್ ಮಾಡಿದರು.

ಮೂರು ವಾರ ಬೆಳಗಾವಿಯ ಒಂದು ಆರೈಕೆ ಮನೆ, ಉಳಿದ ಮೂರು ವಾರ ಮನೆಯಲ್ಲೇ ಹೆಣ್ಣುಮಕ್ಕಳು ಸರದಿಯ ಮೇಲೆ, ಹಗಲಿಗೆ ಒಬ್ಬ ಹೋಮ್ ನರ್ಸ್. ಹೀಗೆ ಗೊತ್ತಾಯಿತು. ಜಾಗ ನೋಡಲು ಅಲ್ಲಿಯವರಿಗೆ ಮುಂಚೆ ತಿಳಿಸದೆ ಸಂಜೆ ಹೊತ್ತಿಗೆ ಹೋಗಿ ಅಂತ ಗಂಡ ಹೆಂಡತಿ ಇಬ್ಬರಿಗೂ ಅಂದೆ, ಯಾಕೆಂದರೆ ಬೆಳಿಗ್ಗೆ ಎಲ್ಲ ಜಾಗವೂ ಚೊಕ್ಕಟವಾಗಿಯೇ ಕಾಣುತ್ತದೆ. ರಾತ್ರಿ ಎಷ್ಟು ಜನ ಎಚ್ಚರ ಇರುತ್ತಾರೆ? ತಾವೇ ಮಗ್ಗಲು ಬದಲಿಸಲು ಆಗದವರನ್ನು ಎಷ್ಟು ಹೊತ್ತಿಗೊಮ್ಮೆ ಹೊರಳಿಸುತ್ತಾರೆ? ಹಟ ಮಾಡಿದರೆ ಕಟ್ಟಿಹಾಕುತ್ತಾರೋ? ರಾತ್ರಿ ಎರಡಕ್ಕೆ ಹುಷಾರು ತಪ್ಪಿದರೆ ಯಾವ ಆಸ್ಪತ್ರೆ, ಯಾರು ಕರೆದೊಯ್ಯುತ್ತಾರೆ? ಮುಂಗಡದಲ್ಲಿ ಎಷ್ಟು ವಾಪಸ್? ಎಲ್ಲ ಬರೆದು ಕೊಡಲಿ. ಅಲ್ಲಿರುವ ಒಬ್ಬ ಹಿರಿಯರ ಉಗುರು ನೋಡಿ ಬನ್ನಿ ಅಂತಲೂ ಹೇಳಿದೆ. ಉಗುರು ಕತ್ತರಿಸಿದ್ದರೆ ಯಾರೋ ಹತ್ತಿರ ಕೂತು ನೋಡಿಕೊಳ್ಳುತ್ತಿದ್ದಾರೆ ಅಂತ ಅರ್ಥ.

ಜೊತೆಗೆ ಅಜ್ಜಿಯ ಕೌದಿ, ಎಲೆ ಅಡಿಕೆ ಕುಟ್ಟುವ ಕಲ್ಲು, ಮಾತ್ರೆಗಳ ಚೀಟಿ ಹೋದವು. ಸಂಜೆ 'ಮನಿಗೆ ಹೋಗೂನು' ಅಂದರೆ ವಾದ ಮಾಡಬೇಡಿ, ಆ ಮನೆ ಹೇಗಿತ್ತು ಅಂತ ಕೇಳಿ ಅಂತ ಒಂದು ಹಾಳೆಯಲ್ಲಿ ಬರೆದು ಕೊಟ್ಟೆವು.

ಮೊದಲ ನಾಲ್ಕು ದಿನ ಗೊಂದಲ ಜಾಸ್ತಿಯೇ ಆಯಿತು. ಆಮೇಲೆ ತಣ್ಣಗಾದರು. ಆಪರೇಷನ್ ಸುಸೂತ್ರ ಆಯಿತು. ಕೆಂಪು ಗುರುತಿನ ದಿನ ಮಗ ಹೋಗಿ ಕರೆತಂದರು. ಅಜ್ಜಿ ಸ್ವಲ್ಪ ಸೊರಗಿದ್ದರು. "ಅಲ್ಲಿ ರೊಟ್ಟಿ ಇಲ್ಲ, ಬರೇ ಚಪಾತಿ. ಇನ್ನ ನಾ ಹೋಗೂದಿಲ್ಲ" ಅಂದರಂತೆ. ಹೋಗಬೇಡಿ ಅಂತಲೇ ನಾನೂ ಅಂದೆ. ಸುಮಿತ್ರಾಗೆ ಬಿಡುವು ಇನ್ನು ಮುಂದೆ ಮನೆಯಲ್ಲೇ ಸಿಗಲಿ.

ಕಳೆದ ವಾರ ಅವರ ಮನೆಗೆ ಹೋಗಿದ್ದೆ. ಕ್ಯಾಲೆಂಡರಿನಲ್ಲಿ ದೀಪಾವಳಿಯ ಮುಂದಿನ ವಾರಕ್ಕೆ ಜಮಖಂಡಿ ನಾದಿನಿಯ ಹೆಸರು ಬರೆದಿತ್ತು. ಆ ವಾರ ಸುಮಿತ್ರಾ ಮಗನ ಹತ್ತಿರ ಪುಣೆಗೆ ಹೋಗುತ್ತಾರೆ.